ಪದ್ದಕ್ಕನ ಕೈ, ಕೆಲಸದ ಹೊತ್ತಿನಲ್ಲಿ

ಬರುವ ಭಾನುವಾರವೇ ಕೊನೆ, ಆಮೇಲೆ ಪದ್ದಕ್ಕ ಮೀನು ಮಾರಲು ಬರುವುದಿಲ್ಲ ಎಂಬ ಸುದ್ದಿ ಚಂದ್ರಮತಿಗೆ ಸಿಕ್ಕಿದ್ದು ಸೋಮವಾರ ಬೆಳಿಗ್ಗೆ, ಒಗೆದ ಬಟ್ಟೆ ಹಿಂಡಿ ಹರವುತ್ತಿದ್ದಾಗ. ಮೊಣಕಾಲು ಸವೆದಿದೆಯಂತೆ, ನೆಲದ ಮೇಲೆ ಕೂರಲೇಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಚಂದ್ರಮತಿಗೆ ಮೊದಲು ಹೊಳೆದದ್ದು ಇಷ್ಟು: ತನ್ನ ಮೊಬೈಲಿನಲ್ಲಿ ಬಸ್ರೂರಿನ ಅರ್ಧ ಊರು ಇದೆ, ಪದ್ದಕ್ಕ ಕೆಲಸ ಮಾಡುವ ಒಂದು ಫೋಟೋವೂ ಇಲ್ಲ. ಉಳಿದದ್ದು ಆರು ದಿನ.

ಚಂದ್ರಮತಿ ಗೇರುಬೀಜದ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ ಬೀಜ ಒಡೆದವಳು. ಅವಳು ಕೆಲಸ ಬಿಟ್ಟ ವರ್ಷ ಮಗಳು ಪ್ರಣೀತಾ ಹೊಸ ಮೊಬೈಲ್ ಕೊಂಡು ಹಳೆಯದನ್ನು ತಾಯಿಗೆ ಕೊಟ್ಟಳು, ಅಡುಗೆಯ ವಿಡಿಯೋ ನೋಡಲಿ ಎಂದು. ಮೂವತ್ತು ವರ್ಷ ದಿನಕ್ಕೆ ಮೂರು ಹೊತ್ತು ಬೇಯಿಸಿದವಳಿಗೆ ಅಡುಗೆಯ ವಿಡಿಯೋ ಯಾಕೆ? ಅವಳು ಫೋಟೋ ತೆಗೆಯತೊಡಗಿದಳು. ಹೂವಿನದ್ದಲ್ಲ, ಸೂರ್ಯಾಸ್ತದ್ದಲ್ಲ, ಬೀದಿಯಲ್ಲಿ ಕೆಲಸ ಮಾಡುವವರದ್ದು. ಮಧ್ಯಾಹ್ನದ ಪಾತ್ರೆ ತೊಳೆದು ಮುಗಿಸಿದ ಮೇಲೆ, ಗಂಡ ದೇವಪ್ಪ ಚಾ ಎಂದು ದನಿ ಎತ್ತುವ ಮೊದಲು ಸಿಗುವ ಒಂದೂವರೆ ಗಂಟೆ ಅವಳದಾಗಿತ್ತು. ಮನೆಯೊಳಗೆ ದೇವಪ್ಪ ಕೆಲಸ ಮಾಡುವ ಫೋಟೋ ಸಿಗಬಹುದೆಂದು ಮೂರು ವರ್ಷದಿಂದ ಕಾಯುತ್ತಿದ್ದಾಳೆ, ಇನ್ನೂ ಸಿಕ್ಕಿಲ್ಲ.

ಮೊದಮೊದಲು ಎಲ್ಲರೂ ಕೆಲಸ ಬಿಟ್ಟು ನೆಟ್ಟಗೆ ನಿಂತುಬಿಡುತ್ತಿದ್ದರು. ಪ್ರಣೀತಾ ನೋಡಿ ನಕ್ಕಿದ್ದಳು.

"ಅಮ್ಮ, ಎಲ್ಲಾ ವೋಟರ್ ಕಾರ್ಡಿನ್ ಫೋಟೋ ಕಂಡಂಗಿತ್ತ್!"

ನಗೆಯ ಜೊತೆಗೆ ನಾಲ್ಕು ಮಾತು ಕಲಿಸಿಯೂ ಕೊಟ್ಟಳು: ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ನೋಡು, ದೂರದಿಂದ ಎಳೆದು ದೊಡ್ಡದು ಮಾಡಬೇಡ, ನೀನೇ ಹತ್ತಿರ ಹೋಗು. ಉಳಿದದ್ದನ್ನು ಚಂದ್ರಮತಿ ಫ್ಯಾಕ್ಟರಿಯಿಂದ ತಂದಳು. ಬೀಜ ಇಡು, ಕಾಲು ಒತ್ತು, ತಿರುಳು ಬಿಡಿಸು: ಆ ತಾಳದಲ್ಲೇ ಅವಳ ವರ್ಷಗಳು ಕಳೆದಿದ್ದವು. ಹಾಗೆಯೇ ಎಲ್ಲ ಕೆಲಸಕ್ಕೂ ಒಂದು ತಾಳ ಇದ್ದೇ ಇರಬೇಕಲ್ಲ? ಕಾಯಿ ಸುಲಿಯುವವನು ಮೂರನೆಯ ತಿರುವಿಗೆ ತುಟಿ ಕಚ್ಚುತ್ತಾನೆ. ಟೈಲರ್ ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿಯುತ್ತಾಳೆ. ಚಂದ್ರಮತಿ ಮೊಬೈಲನ್ನು ಸೆರಗಿನೊಳಗೇ ಇಟ್ಟುಕೊಂಡು ಮೊದಲು ಆ ತಾಳ ಕಲಿಯುತ್ತಿದ್ದಳು, ಆಮೇಲೆ ಫೋಟೋ. ಚಿತ್ರಗಳು ಸುಧಾರಿಸುತ್ತಾ ಹೋದವು.

ಪದ್ದಕ್ಕನ ಹತ್ತಿರ ಮಾತ್ರ ಈ ವಿದ್ಯೆ ನಡೆಯಲಿಲ್ಲ. ಮೀನು ಕೊಳ್ಳಲು ಹೋದಾಗ ಮೊಬೈಲ್ ಎತ್ತುವುದೇ ತಡ, ಮೀನು ಕೆಳಗಿಟ್ಟು, ಕೈ ಒರೆಸಿ, ಸೆರಗು ಹೊದ್ದು, ರೇಷನ್ ಕಾರ್ಡಿಗೆ ಕೂತವಳ ಹಾಗೆ ಮುಖ ಬಿಗಿದು ಕೂರುತ್ತಿದ್ದಳು.

ಮಂಗಳವಾರ ಚಂದ್ರಮತಿ ಬೆಳಿಗ್ಗೆಯೇ ಹೊರಟಳು.

"ಗಂಜಿ?" ಎಂದ ದೇವಪ್ಪ.

"ಒಲಿ ಮೇಲಿತ್ತ್. ನೀವೇ ಬಡ್ಸ್ಕಣಿ."

ಗಂಗೊಳ್ಳಿಯ ಕಡೆಯಿಂದ ಬಂದ ಪದ್ದಕ್ಕ ಆಗಷ್ಟೇ ಅಂಗಡಿಯೊಂದರ ಮುಂದೆ ಬುಟ್ಟಿ ಇಳಿಸಿ, ಮೆಟ್ಟುಕತ್ತಿಯನ್ನು ಕಾಲಡಿ ಒತ್ತಿ ಹಿಡಿದು ಕೂತಿದ್ದಳು. ಚಂದ್ರಮತಿ ಬಸ್ ನಿಲ್ದಾಣದ ಕಂಬದ ಹಿಂದೆ ನಿಂತು ಮೊಬೈಲ್ ಎತ್ತಿದಳು. ನಾಲ್ಕು ಫೋಟೋ ಆಗುವಷ್ಟರಲ್ಲಿ ಕೂಗು ಬಂತು.

"ಹ್ವಾಯ್! ಯಾರದ್ ಕಂಬದ್ ಹಿಂದೆ? ಇನ್ನೂ ಬೋಣಿ ಆಯ್ಲಿಲ್ಲ, ಅಷ್ಟೊತ್ತಿಗೇ ಕಣ್ ಹಾಕುಕ್ ಬಂದ್ಯಾ?"

ದಿನದ ಮೊದಲ ಮಾರಾಟ ಆಗುವ ತನಕ ಬರೀ ನೋಡಿ ಹೋಗಲು ಯಾರೂ ಬುಟ್ಟಿಯ ಮುಂದೆ ನಿಲ್ಲುವುದಿಲ್ಲ. ನಿಂತರೆ ಆ ದಿನದ ವ್ಯಾಪಾರ ಕೆಟ್ಟಂತೆಯೇ. ಇಷ್ಟು ವರ್ಷ ಇದೇ ಬುಟ್ಟಿಯಿಂದ ಮೀನು ಒಯ್ದ ಚಂದ್ರಮತಿಗೆ ಇದು ಗೊತ್ತಿಲ್ಲದ್ದಲ್ಲ. ಫೋಟೋದ ಆಸೆಯಲ್ಲಿ ಮರೆತುಹೋಗಿತ್ತು. ಅವಳು ಓಡಿಬಂದು ಅರ್ಧ ಕಿಲೋ ಬೈಗೆ ಮೀನು ಕೊಂಡು ಬೋಣಿ ಮಾಡಿಸಿದಳು. ಪದ್ದಕ್ಕನ ಸಿಟ್ಟು ಇಳಿಯಲಿಲ್ಲ.

"ನಿನ್ ಹಾಂಗೇ ಒಬ್ಬ ಹೋದ್ ವರ್ಷ ಕಾರ್ ನಿಲ್ಸಿ ಕದ್ದ್ ಫೋಟೋ ತೆಗ್ದ. ರವಕಿ ಕಂಕ್ಳದಗೆ ಹರ್ದಿತ್ತ್. ಆ ಫೋಟೋ ಊರೆಲ್ಲಾ ತಿರ್ಗಿ ಮಗಳ್ ಗಂಡನ್ ಮನಿ ತನ್ಕ ಹೋಯ್ತ್. 'ನಿನ್ನಬ್ಬಿಗೆ ಉಡುಕ್ ಬಟ್ಟಿ ಇಲ್ಯಾ' ಅಂದ್ ಕೇಂಡ್ರ್ ಅವ್ಳತ್ರ. ಕೂಕಂಡ್ ದುಡ್ದದ್ ನಾನ್, ನಾಚ್ಕಿ ಅವ್ಳಿಗೆ!"

ಚಂದ್ರಮತಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಸಹಜವಾಗಿ ಬರಲಿ ಎಂದು ಅಡಗಿದ್ದು. ಪದ್ದಕ್ಕನಿಗೆ ಅದು ಕಳ್ಳತನವೇ. ಎದುರೇ ನಿಂತು ನಾಲ್ಕೂ ಫೋಟೋ ಅಳಿಸಿದಳು. ಪದ್ದಕ್ಕ ಸಿಟ್ಟಿನಲ್ಲೂ ಬೈಗೆ ಮೀನಿನ ತಲೆ ತೆಗೆದು, ಹೊಟ್ಟೆ ಶುಚಿ ಮಾಡಿ, ತೊಳೆದೇ ಚೀಲಕ್ಕೆ ಹಾಕಿಕೊಟ್ಟಳು.

ಚಂದ್ರಮತಿಗೆ ಬೇಕಾದ ಫೋಟೋ ಅದೇ ಆಗಿತ್ತು.

ಫ್ಯಾಕ್ಟರಿಗೆ ಸೇರಿದ ಮೊದಲ ವರ್ಷ ಬೀಜದ ಸಿಪ್ಪೆಯ ಎಣ್ಣೆ ತಾಗಿ ಅವಳ ಬೆರಳ ತುದಿಗಳೆಲ್ಲ ಸುಟ್ಟು ಸುಲಿದಿದ್ದವು. ಆಗ ಪದ್ದಕ್ಕ ಸಂಜೆಯೂ ಬುಟ್ಟಿ ಇಡುತ್ತಿದ್ದಳು. ಕೆಲಸ ಮುಗಿಸಿ ಬಂದ ಚಂದ್ರಮತಿ ಮೀನಿಗೆ ಕೈ ಚಾಚಿದಾಗ ಆ ಬೆರಳುಗಳನ್ನು ಕಂಡವಳು, ಕೊಟ್ಟ ಮೀನನ್ನು ಹಿಂದಕ್ಕೆ ತೆಗೆದುಕೊಂಡು ಶುಚಿ ಮಾಡಿಕೊಟ್ಟಳು. ಆಮೇಲೆ ಪ್ರತಿ ಸಲವೂ ಹಾಗೆಯೇ. ಕೇಳಿದ್ದಿಲ್ಲ, ಹೇಳಿದ್ದಿಲ್ಲ. ಉಪ್ಪು, ಮೀನಿನ ಮುಳ್ಳು, ಸುಟ್ಟ ಬೆರಳು ಮೂರೂ ಸೇರಿದರೆ ಏನಾಗುತ್ತದೆಂದು ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಏಳು ಜನ ಊಟಕ್ಕೆ ಕೂರುತ್ತಿದ್ದರು. "ಸೊಸಿ ಕೈ ಚುರ್ಕ್, ಬಂದ್ ಗಳ್ಗಿಯೊಳ್ಗೆ ಮೀನ್ ಸಾರ್" ಎಂದು ಅತ್ತೆ ಹೊಗಳುತ್ತಿದ್ದರು. ಆ ಚುರುಕು ಯಾರದ್ದೆಂದು ಚಂದ್ರಮತಿಗೊಬ್ಬಳಿಗೇ ಗೊತ್ತಿತ್ತು.

ಗುರುವಾರ ಅವಳು ಬೋಣಿ ಆದ ಮೇಲೆಯೇ ಹೋದಳು.

"ಪದ್ದಕ್ಕ, ಕದ್ದ್ ತೆಗಿತಿಲ್ಲೆ. ನಿನ್ ಹತ್ರವೇ ಕೂಕಂತೆ. ತೆಗ್ದದ್ದೆಲ್ಲಾ ತೋರ್ಸ್ತೆ. ನೀ ಬ್ಯಾಡ ಅಂದದ್ ಅಳ್ಸುದ್."

"ಈ ಮೀನ್ ಕೊಯ್ಯು ಮುದ್ಕಿ ಫೋಟೋ ಎಂತಕ್ ಮಾರಾಯ್ತಿ ನಿಂಗೆ?"

"ನಂಗ್ ಬೇಕ್."

ಪದ್ದಕ್ಕ ಅವಳ ಮುಖವನ್ನೇ ನೋಡಿದಳು. "ಆಯ್ತವಾರ ಬಾ" ಎಂದಳು.

ಭಾನುವಾರ ಪದ್ದಕ್ಕ ಇಸ್ತ್ರಿ ಮಾಡಿದ ಸೀರೆ, ಹೊಸ ರವಿಕೆ, ತಲೆಗೆ ಒಂದು ಮೊಳ ಮಲ್ಲಿಗೆಯೊಂದಿಗೆ ಬಂದಿದ್ದಳು. ಮೊದಲ ಅರ್ಧ ಗಂಟೆ ಬರೀ ರೇಷನ್ ಕಾರ್ಡಿನ ಮುಖ. ಚಂದ್ರಮತಿ ಮೊಬೈಲ್ ಮಡಿಲಲ್ಲಿಟ್ಟು, ಪಕ್ಕದಲ್ಲೇ ಗೋಣಿಚೀಲದ ಮೇಲೆ ಕೂತು, ಮೀನು ಹಾಕುವ ಚೀಲಗಳನ್ನು ಬಿಡಿಸಿ ಕೊಡತೊಡಗಿದಳು. ಇಷ್ಟು ಕೆಳಗಿನಿಂದ ಅವಳು ಈ ಬೀದಿಯನ್ನು ನೋಡಿದ್ದೇ ಇಲ್ಲ. ಗಿರಾಕಿಗಳೆಲ್ಲ ಮೊದಲು ಕಾಲಾಗಿ ಬರುತ್ತಾರೆ, ಆಮೇಲೆ ಬೆರಳಾಗಿ, ಕೊನೆಗೆ ಮುಖವಾಗಿ.

ಹತ್ತು ಗಂಟೆಗೆ ಜನ ಮುತ್ತಿದರು. ಪದ್ದಕ್ಕನಿಗೆ ಕೈ ಒರೆಸಲೂ ಪುರುಸೊತ್ತಿಲ್ಲ. ಹುರುಪೆ ಕೆರೆ, ರೆಕ್ಕೆ ತೆಗೆ, ಹೊಟ್ಟೆ ಸೀಳು, ಒಳಗಿನದು ಎಳೆ, ತೊಳೆ. ಚಂದ್ರಮತಿ ಎಣಿಸುತ್ತಾ ಕೂತಳು. ನಾಲ್ಕನೆಯದಕ್ಕೆ, ಬೆರಳು ಮೀನಿನ ಹೊಟ್ಟೆಯೊಳಗೆ ಹೋಗುವಾಗ, ಪದ್ದಕ್ಕ ಮೀನನ್ನು ನೋಡುವುದೇ ಇಲ್ಲ. ತಲೆ ಎತ್ತಿ ಗಿರಾಕಿಗೆ ಉತ್ತರ ಕೊಡುತ್ತಾಳೆ.

"ಬಂಗ್ಡಿ ಮಂಡೆ ಮೆತ್ತಗಾಯ್ತಲೆ ಪದ್ದಕ್ಕ" ಎಂದ, ವಾರ ವಾರ ಬರುವ ರವಿರಾಜ್.

"ನಿನ್ ಮಂಡೆಗಿಂತ ಗಟ್ಟಿ ಇತ್ತ್, ತಕಂಡ್ ಹೋಗ್!"

ಆಗ ಚಂದ್ರಮತಿ ಮೊಬೈಲ್ ಎತ್ತಿ ಒತ್ತಿದಳು.

ಹನ್ನೆರಡೂವರೆಗೆ ಬುಟ್ಟಿ ಖಾಲಿಯಾಯಿತು. ಪದ್ದಕ್ಕನ ಮನೆಗೆಂದು ಎಂಟು ಬಂಗುಡೆ ಮಾತ್ರ ಉಳಿದಿದ್ದವು. ಚಂದ್ರಮತಿ ಮೊಬೈಲ್ ಹಿಡಿದು ಒಂದೊಂದೇ ತೋರಿಸಿದಳು. ಒಟ್ಟು ಮೂವತ್ತೊಂದು.

"ಅಳ್ಸ್. ಇದ್ ಅಳ್ಸ್. ಅಯ್ಯ, ಹೊಟ್ಟಿ ಕಾಣ್, ಅಳ್ಸ್."

ಹದಿನೆಂಟನೆಯದು ಬಂತು. ಹುರುಪೆಗಳು ಬಿಸಿಲಿಗೆ ಚಿಮ್ಮಿ ಮಿಂಚುತ್ತಿದ್ದವು, ನಡುವೆ ಎರಡು ಕೈ. ಮೂರು ವರ್ಷದಲ್ಲಿ ಅವಳು ಇಂಥದ್ದು ತೆಗೆದಿರಲಿಲ್ಲ.

"ಸೀರಿ ಮೊಣಕಾಲ್ ತನ್ಕ ಹೋಯ್ತ್. ಅಳ್ಸ್."

ಹೆಬ್ಬೆರಳು ತಡೆಯಿತು. ಸುಳ್ಳು ಹೇಳಿ ಉಳಿಸಿಕೊಂಡರೆ ಪದ್ದಕ್ಕನಿಗೆ ಗೊತ್ತಾಗುವುದಿಲ್ಲ. ಕಾರು ನಿಲ್ಲಿಸಿದವನಿಗೂ ಹೀಗೇ ಅನಿಸಿರಬೇಕು. ಅವಳು ಅಳಿಸಿದಳು. ಅಳಿಸಿದ್ದು ಹೋಗಿ ಕೂರುವ ಮೊಬೈಲಿನ ಕಸದ ಬುಟ್ಟಿಯಿಂದಲೂ ತೆಗೆದಳು.

ಆಮೇಲಿನವೂ ಒಂದೊಂದಾಗಿ ಹೋದವು. ಇಪ್ಪತ್ತಾರನೆಯದಕ್ಕೆ ಪದ್ದಕ್ಕ ಮೊಬೈಲನ್ನು ಹತ್ತಿರ ಎಳೆದುಕೊಂಡಳು. ರವಿರಾಜನಿಗೆ ಉತ್ತರ ಕೊಡುತ್ತಿರುವ ಬಾಯಿ, ಎಲೆ ಅಡಿಕೆಯ ಕೆಂಪು ಹಲ್ಲು, ಜಾರಿದ ಮಲ್ಲಿಗೆ. ಕೆಳಗೆ, ಯಾರೂ ನೋಡದಿದ್ದರೂ ತನ್ನ ಪಾಡಿಗೆ ಕೆಲಸ ಮಾಡುತ್ತಿರುವ ಕೈ.

"ನಾ ಹೀಂಗ್ ಇರ್ತ್ನಾ?"

"ಯಾವತ್ತೂ ಹೀಂಗೇ."

"ಇದ್ ಇರ್ಲಿ. ಮಗಳಿಗೂ ಕಳ್ಸ್. ಬೀಗ್ರ ಮನಿಯರೂ ಕಾಣ್ಲಿ."

ಕೊನೆಯ ಐದೂ ಹೋದವು, ಉಳಿದದ್ದು ಒಂದೇ ಒಂದು ಫೋಟೋ. ಚಂದ್ರಮತಿಗೆ ಅಷ್ಟು ಸಾಕಾಗಿತ್ತು. "ಪದ್ದಕ್ಕ, ಇಷ್ಟ್ ವರ್ಷ ನೀ ನಂಗೆ..." ಎಂದು ಶುರುಮಾಡಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಳುಕ್ ಬ್ಯಾಡ, ಮೀನಿಗ್ ಉಪ್ ಜಾಸ್ತಿ ಆತ್ತ್."

ಪದ್ದಕ್ಕ ಎಂಟು ಬಂಗುಡೆಗಳನ್ನು ಹತ್ತಿರ ಎಳೆದುಕೊಂಡಳು. ಊರಿನ ಮೀನೆಲ್ಲ ಕೊಯ್ದಾದ ಮೇಲೆ ಮನೆಯವರದ್ದು, ಆಮೇಲೆ ಬಸ್ಸು, ಆಮೇಲೆ ಮಸಾಲೆ ಅರೆಯುವುದು. ಚಂದ್ರಮತಿ ಮೊಬೈಲನ್ನು ಪದ್ದಕ್ಕನ ಮಡಿಲಿಗೆ ಹಾಕಿ, ಮೆಟ್ಟುಕತ್ತಿಯನ್ನು ತನ್ನ ಕಾಲಡಿಗೆ ಎಳೆದುಕೊಂಡಳು.

"ಇವತ್ತ್ ನಿನ್ ಮನಿ ಮೀನ್ ನಾ ಕೊಯ್ತೆ. ನೀ ಕಾಲ್ ನೀಡ್ಕಂಡ್ ಕೂಕೋ."

ಪದ್ದಕ್ಕ ಅಂಗಡಿಯ ಮೆಟ್ಟಿಲಿಗೆ ಒರಗಿ ನಿಧಾನವಾಗಿ ಕಾಲು ಚಾಚಿದಳು. ಚಂದ್ರಮತಿ ಕೊಯ್ಯುವುದನ್ನು ಎರಡು ನಿಮಿಷ ಸಹಿಸಿಕೊಂಡಳು.

"ಅಯ್ಯೋ ಹೆಣ್ಣೆ, ಹೊಟ್ಟಿ ಬದಿ ನಿಧಾನ! ಇದ್ ಗೇರ್‌ಬೀಜ ಅಲ್ಲ."