ಕಾಕಾ ಬದಲಿಸಿಕೊಂಡ ಬಡ್ಡಿ

ಮೊನ್ನೆ ಅಡುಗೆಮನೆಯ ಡ್ರಾವರ್ ಒರೆಸುವಾಗ ತಳಕ್ಕೆ ಹಾಸಿದ್ದ ಹಳೆಯ ಪೇಪರ್ ಕೈಗೆ ಬಂತು. ತಿಳಿಗುಲಾಬಿ ಬಣ್ಣದ, ವ್ಯಾಪಾರ ಸುದ್ದಿಯ ಪೇಪರು. ಜೀರಿಗೆಯ ವಾಸನೆ ಹಿಡಿದಿತ್ತು. ನಾವು ಅಂಥದ್ದನ್ನು ಎಂದೂ ತರಿಸಿದವರಲ್ಲ. ಎದುರುಮನೆಯ ಕಾಕಾ ಓದಿ ಕೊಟ್ಟದ್ದಿರಬೇಕು...

ಎರಡು ಸಾವಿರದ ನಾಲ್ಕರ ಸುಮಾರಿಗೆ ನಾವು ಮರಾಠಿ ಮಾತಿನ ಮಗರಪಟ್ಟಾದಲ್ಲಿ ಫ್ಲ್ಯಾಟ್ ಕೊಂಡಾಗ, ಆ ಮಹಡಿಯಲ್ಲಿ ಕನ್ನಡ ಕೇಳಿಸುತ್ತಿದ್ದದ್ದು ಅವರ ಬಾಗಿಲಿನಿಂದ ಮಾತ್ರ. ಧಾರವಾಡದ ಕಡೆಯವರು. ಮುಂಬೈಯ ಬ್ಯಾಂಕೊಂದರಲ್ಲಿ ಬಡ್ಡಿದರದ ವ್ಯವಹಾರ ನೋಡಿಕೊಂಡಿದ್ದು, ಸ್ವಯಂನಿವೃತ್ತಿ ಪಡೆದು ಬಂದಿದ್ದರು. ಅವರ ಹೆಂಡತಿ ಕಾಕು ಶಾಲೆಯಲ್ಲಿ ಟೀಚರು. ಅವರ ಮನೆಸಾಲ ಕಾಕುವಿನ ಹೆಸರಿನಲ್ಲಿತ್ತು.

ಅವರದ್ದು ಸ್ಥಿರ ಬಡ್ಡಿ, ನಮ್ಮದು ಏರಿಳಿಯುವ ಬಡ್ಡಿ. ನಾನು ಬಸುರಿಯಾಗಿ ಕೆಲಸ ಬಿಟ್ಟಿದ್ದೆ, ಒಂದೇ ಸಂಬಳ. ಬ್ಯಾಂಕಿನ ಪತ್ರ ಬಂದರೆ ಒಡೆಯಲು ಹೆದರುತ್ತಿದ್ದೆ. ಅದನ್ನು ಕಂಡೇ ಇರಬೇಕು, ಒಂದು ದಿನ ಕಾಕಾ ಅಂದರು: "ನೋಡವಾ, ನಿನ್ನ ಏರಿಳಿಯೋ ಬಡ್ಡಿ ನನಗ ಕೊಡು, ನನ್ನ ಸ್ಥಿರ ಬಡ್ಡಿ ನೀ ತಗೋ. ತಿಂಗಳಿಗೊಮ್ಮೆ ಎರಡರ ನಡುವಿನ ಫರಕ್ ಅಷ್ಟ ಕೊಟ್ಟು ತಗೊಳ್ಳೋಣು. ದರ ಇನ್ನೂ ಇಳೀತಾವ, ನನಗೂ ಲಾಭ."

ಇದಕ್ಕೆ ಹಣದ ಪೇಟೆಯಲ್ಲಿ ಸ್ವಾಪ್ ಅನ್ನುತ್ತಾರಂತೆ. ನನ್ನವರು ನಕ್ಕುಬಿಟ್ಟರು. ಕಾಕಾ ಮಾತ್ರ ಎಲ್ಲವನ್ನೂ ಯೋಚಿಸಿಟ್ಟಿದ್ದರು. ನಮ್ಮ ಸಾಲದ ಅರ್ಧಕ್ಕಷ್ಟೇ; ಪೂರ್ತಿ ಕಟ್ಟಿಹಾಕಿಕೊಂಡರೆ ದರ ಇಳಿದಾಗ ಹೊಟ್ಟೆ ಉರಿಯುತ್ತದೆ ಅಂದರು. ಮೂರೇ ವರ್ಷ. ಯಾರೂ ನಡುವೆ ಕೈ ಎತ್ತಬಾರದೆಂದು ಒಬ್ಬರು ಇನ್ನೊಬ್ಬರ ಬಳಿ ಸ್ವಲ್ಪ ಹಣವನ್ನು ಜಾಮೀನಾಗಿ ಇಟ್ಟೆವು.

ಪೇಪರಿನಲ್ಲಿ ಈ ಸ್ವಾಪ್ ದರ, ಅಂದರೆ ಹೀಗೆ ಬದಲಿಸಿಕೊಳ್ಳುವಾಗ ಸಿಗುವ ಸ್ಥಿರ ದರ, ದಿನಾ ಯಾಕೆ ಬದಲಾಗುತ್ತದೆ ಎಂದು ಕಾಕಾರನ್ನು ಕೇಳಿದ್ದೆ. ಎಣ್ಣೆ ತುಟ್ಟಿಯಾದೀತು, ಮಳೆ ಕೈಕೊಟ್ಟೀತು, ಬೆಲೆ ಏರಿ ರಿಸರ್ವ್ ಬ್ಯಾಂಕು ಬಡ್ಡಿ ಹೆಚ್ಚಿಸೀತು ಎಂಬ ಅಂದಾಜಿಗೇ ಅದು ಅಲುಗುತ್ತದಂತೆ. ಸ್ಥಿರ ಬಡ್ಡಿ ಬೇಕೆನ್ನುವವರು ಹೆಚ್ಚಾದ ದಿನ ಸುಮ್ಮನೆ ಏರುತ್ತದಂತೆ. "ದರ ಸುದ್ದಿಗೆ ಏರೂದಿಲ್ಲವಾ, ಸುದ್ದಿ ಬಂದೀತು ಅನ್ನೋ ಅಂಜಿಕಿಗೆ ಏರ್ತದ," ಅಂದರು. ತಲೆಯಾಡಿಸಿದೆ. ತಿಳಿದಿರಲಿಲ್ಲ...

ಮೊದಮೊದಲು ಏರಿಳಿಯುವ ದರ ಕೆಳಗಿದ್ದುದರಿಂದ ನಾನೇ ಫರಕ್ ಕೊಡುತ್ತಿದ್ದೆ, ಮೋಸಹೋದೆನೇನೋ ಅನ್ನಿಸುತ್ತಿತ್ತು. ಆಮೇಲೆ ದರ ಏರತೊಡಗಿತು. ಪ್ರತಿ ತಿಂಗಳು ಕಾಕಾ ಬಂದು, ಚಹಾ ಕುಡಿದು, ಹಣ ಇಟ್ಟುಹೋಗುವರು. ಮೊತ್ತ ಬೆಳೆಯುತ್ತಲೇ ಹೋಯಿತು. ನನಗೆ ನಾಚಿಕೆಯಾಗಿ, ಇದನ್ನು ಬಿಟ್ಟುಬಿಡೋಣ ಅಂದೆ.

"ಇಳಿದಿದ್ದಾಗ ನೀ ಬಿಟ್ಟಿಯೇನು? ಏರಿದಾಗ ನಾ ಯಾಕ ಬಿಡ್ಲಿ?"

ಮೂರು ವರ್ಷ ತುಂಬಿದ ದಿನ ಕೊನೆಯ ಫರಕ್ ಕೊಟ್ಟು, ನಾನಿಟ್ಟ ಹಣವನ್ನೂ ಮರಳಿಸಿದರು. ಮುಂದಿನ ವರ್ಷ ಹೃದಯಾಘಾತವಾಗಿ ತೀರಿಕೊಂಡರು.

ಕಾಕು ಬಳಿ ಕೂತಿದ್ದಾಗ ಈ ಬಡ್ಡಿ ಅದಲುಬದಲಿನ ಮಾತು ತೆಗೆದೆ. ಅವರಿಗೆ ಏನೂ ಗೊತ್ತಿರಲಿಲ್ಲ. "ನಮ್ಮ ಸಾಲ ಯಾವದವಾ? ಊರಾಗಿನ ಜಾಗಾ ಮಾರಿ ಮೊದಲನೇ ವರ್ಷಾನ ತೀರಿಸಿದ್ವಲ್ಲ."

ಅಂದರೆ ಆಮೇಲೆ ಎರಡು ವರ್ಷ, ಬದಲಿಸಲು ತಮ್ಮದೊಂದು ಸಾಲವೇ ಇಲ್ಲದವರು ನನ್ನ ಏರಿಳಿತವನ್ನು ಹೊತ್ತಿದ್ದರು. ದರ ಇಳಿದೀತೆಂದು ಪಣ ಕಟ್ಟಿ ಸೋತರೋ, ಬಾಣಂತಿಯೊಬ್ಬಳು ಅಂಜದಿರಲಿ ಎಂದುಕೊಂಡರೋ... ಎರಡೂ ಸರಿಯೆನಿಸುತ್ತದೆ, ಯಾವುದೂ ಪೂರ್ತಿ ಹೊಂದುವುದಿಲ್ಲ.

ಎದುರುಮನೆಗೆ ಈಗ ಬಾಡಿಗೆಯವರು ಬಂದಿದ್ದಾರೆ. ಕಾಕು ತಂಗಿಯ ಬಳಿ ದೌಂಡಕ್ಕೆ ಹೋದರು. ಕಾಕಾ ಪಣ ಕಟ್ಟಿ ಸೋತಿದ್ದರೆ ನಾನು ಯಾರಿಗೂ ಋಣಿಯಲ್ಲ. ಅಲ್ಲವಾದರೆ ಎಷ್ಟು ಋಣಿ ಎಂದು ಹೇಳಬಲ್ಲವರು ಅವರೊಬ್ಬರೇ ಇದ್ದರು.