ಮೂರು ತಾಸಿನ ಹಾದಿ

ವಿಮಾನದಲ್ಲಿ ಕೊಟ್ಟ ಊಟದ ಡಬ್ಬಿ ಇನ್ನೂ ಕೈಯಲ್ಲೇ ಇತ್ತು, ಕೆಳಗೆ ಮಸ್ಕತ್ತಿನ ಬೋಳು ಗುಡ್ಡಗಳು ಕಂಡವು. ಒಂದು ಹಸಿರು ಕಡ್ಡಿಯಿಲ್ಲ. ಬೈಲಹೊಂಗಲದ ಎರೆಹೊಲ ನೋಡಿದ ಕಣ್ಣಿಗೆ ಅದು ಭೂಮಿ ಅನಿಸಲೇ ಇಲ್ಲ. ಇಲ್ಲಿ ಲಾರಿ ಓಡಿಸುವ ಗಂಡ ಇದ್ದಾರೆಂಬುದೊಂದೇ ಧೈರ್ಯ.

ಗೋವಾದಿಂದ ಇಲ್ಲಿಗೆ ಸಾವಿರದ ಎಂಟುನೂರು ಕಿಲೋಮೀಟರಿನ ಆಸುಪಾಸು, ಹಾರಾಟ ಮೂರು ತಾಸು. ನಮ್ಮೂರಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಲು ಇದರ ಮೂರುಪಟ್ಟು ಹೊತ್ತು ಬೇಕು. ಹೊರಡುವ ದಿನ ಅಳುತ್ತಿದ್ದ ಅಮ್ಮನಿಗೆ ಇದನ್ನೇ ಹೇಳಿದ್ದೆ.

"ಬೆಂಗಳೂರಕಿಂತ ಹತ್ರ ಐತಿ ಅಮ್ಮಾ. ಮೂರ ತಾಸಿನ ಹಾದಿ."

ಅವಳು ಕಣ್ಣೊರೆಸಿಕೊಂಡಳು. ನಾನು ಸುಳ್ಳು ಹೇಳಿರಲಿಲ್ಲ, ಪೂರ್ತಿ ಹೇಳಿರಲಿಲ್ಲ ಅಷ್ಟೆ.

ಇಲ್ಲಿ ಖುಬುಜ್ ಎಂಬ ಮೆತ್ತನೆಯ ರೊಟ್ಟಿ ಅಂಗಡಿಯಿಂದಲೇ ಬರುತ್ತದೆ. ಇಡೀ ಕಟ್ಟಡದಲ್ಲಿ ರೊಟ್ಟಿ ಬಡಿಯುವ ಸದ್ದಿಲ್ಲ. ಒಬ್ಬಳೇ ಕೆಳಗಿಳಿದು ಖುಬುಜ್ ತರುವ ಧೈರ್ಯ ಬರಲು ನನಗೆ ಎರಡು ತಿಂಗಳು ಬೇಕಾಯಿತು. ತಂದ ದಿನ ಅಮ್ಮನಿಗೆ ಫೋನ್ ಮಾಡಿ ಜಂಬ ಕೊಚ್ಚಿದೆ.

ವರ್ಷ ಕಳೆದ ಮೇಲೊಂದು ಬೆಳಗ್ಗೆ ತಮ್ಮ ದಸ್ತಗೀರನ ಫೋನ್ ಬಂತು.

"ಆಪಾ, ಅಮ್ಮಾ ಮಾತಾಡವಲ್ಲಳು. ಡಾಕ್ಟರು ಏನೂ ಹೇಳಾಕ ಬರೂದಿಲ್ಲ ಅಂತಾರ. ನೀ ಲಗೂನ ಹೊಂಡು. ಏನರ ಆದ್ರ ನೀ ಬರೂತನಕ ಮಣ್ಣ ಮಾಡೂದಿಲ್ಲ. ಮೂರ ತಾಸ ಕಾಯಬೇಕಂತ ಅಮ್ಮಾ ಮೊದಲ ಎಲ್ಲಾರ ಕಡೆ ಮಾತ ತಗೊಂಡಾಳ."

ನಮ್ಮಲ್ಲಿ ಮಯ್ಯತ್ತನ್ನು, ಅಂದರೆ ಸತ್ತವರ ದೇಹವನ್ನು, ಹೆಚ್ಚು ಹೊತ್ತು ಇಡುವುದಿಲ್ಲ. ಬೆಳಗ್ಗೆ ಜೀವ ಹೋದರೆ ಸಂಜೆಯೊಳಗೆ ಮಣ್ಣು. ಟಿಕೆಟ್ ಅಂಗಡಿಗೆ ಓಡಿದೆ. ಅಲ್ಲಿಯವನು ಕಂಪ್ಯೂಟರಿನಿಂದ ತಲೆ ಎತ್ತದೆ "ಬುಕ್ರಾ" ಎಂದ. ಬುಕ್ರಾ ಎಂದರೆ ನಾಳೆ. ಗೋವಾಕ್ಕೆ ಇಲ್ಲಿಂದ ದಿನಾಲೂ ವಿಮಾನವಿಲ್ಲ. ನಾಳೆ ಹತ್ತಿದರೂ ಗೋವಾದಲ್ಲಿ ಇಳಿದು, ಘಟ್ಟ ಹತ್ತಿ, ಬೆಳಗಾವಿ ದಾಟಿ ಮನೆ ಮುಟ್ಟುವಾಗ ಒಂದೂವರೆ ದಿನ. ನನ್ನ ಮಾತು ನಂಬಿ ಅಮ್ಮನನ್ನು ಅಂಗಳದಲ್ಲಿ ಹಾಗೇ ಮಲಗಿಸಿಟ್ಟು ಕಾಯುತ್ತಾರಲ್ಲ ಎಂಬ ಭಯ ಒಂದು ಕಡೆ. ಕಾಯದೆ ಹೋದರೆ ಅವಳ ಮುಖವೂ ಸಿಗಲಿಕ್ಕಿಲ್ಲ ಎಂಬ ಭಯ ಇನ್ನೊಂದು ಕಡೆ. ಅಂಗಡಿಯ ಮೆಟ್ಟಿಲ ಮೇಲೇ ಫೋನ್ ಹಿಡಿದು ಕುಳಿತೆ.

ಮಧ್ಯಾಹ್ನದ ಹೊತ್ತಿಗೆ ಅಮ್ಮ ಕಣ್ಣು ಬಿಟ್ಟಳು. ಶುಗರ್ ಇಳಿದಿತ್ತಂತೆ. ನಾಲ್ಕು ದಿನ ಬಿಟ್ಟು ಫೋನಿನಲ್ಲಿ ಅವಳಿಗೆ ಪೂರ್ತಿ ಲೆಕ್ಕ ಹೇಳಿದೆ.

"ನನಗ ಗೊತ್ತೈತಿ ಬೇಟಿ," ಅಂದಳು. "ಮೂರ ತಾಸ ಇದ್ದಿದ್ರ ಎರಡ ಈದಿಗೆ ಬರದ ಇರ್ತಿದ್ದೇನ?"

"ಮತ್ತ ಮಾತ ಯಾಕ ತಗೊಂಡಿ?"

"ಖರೆ ಅಂತ ತಿಳಕೊಂಡ್ರ ನಿದ್ದಿ ಬರ್ತಿತ್ತು. ಇರ್ಲಿ, ಕಾಯಬ್ಯಾಡ್ರಿ ಅಂತ ಹೇಳತೇನಿ."

ಈಗ ಅಲ್ಲಿ ನನಗಾಗಿ ಯಾರೂ ಕಾಯುವುದಿಲ್ಲ. ಇಲ್ಲಿ ಫೋನ್ ಬಡಿದುಕೊಂಡರೆ ಒಲೆ ಆರಿಸಿಯೇ ಎತ್ತುತ್ತೇನೆ. ನಿನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಕೇರಳದ ಹೆಂಗಸು ನಿಮ್ಮೂರು ಎಷ್ಟು ದೂರ ಎಂದು ಕೇಳಿದಳು. ಅವಳ ಕಣ್ಣುಗಳು ಅತ್ತು ಕೆಂಪಾಗಿದ್ದವು.

ಹತ್ತಿರವೇ, ಮೂರು ತಾಸು, ಎಂದೆ.