ಎಲ್ಲರ ಆಮೆನ್ ಆಗುವ ತನಕ

ಆಂಧ್ರದ ಗಡಿಯ ರಾಯದುರ್ಗದಲ್ಲಿ ದ್ಯಾಮಮ್ಮ ಅಂದರೆ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ದ್ಯಾಮಮ್ಮ ಅಂತಲೇ ಗುರುತು. ಹೊಲಿಗೆ ಮುಗಿದ ಪ್ಯಾಂಟುಗಳ ಗಂಟು ಬೆಳಿಗ್ಗೆ ಅವಳ ಪಡಸಾಲೆಗೆ ಬಂದು ಬಿದ್ದರೆ, ಸಂಜೆಯೊಳಗೆ ಒಂದು ಎಳೆಯೂ ನೇತಾಡದ ಹಾಗೆ ಮಾಡಿ ಕಳಿಸುತ್ತಾಳೆ. ವಯಸ್ಸು ಐವತ್ತೆಂಟು. ಕಣ್ಣಿಗೆ ಚಾಳೀಸು ಬಂದು ಎಷ್ಟೋ ವರ್ಷವಾಯಿತು, ಹಟಕ್ಕೆ ಮಾತ್ರ ಇನ್ನೂ ಏನೂ ಬಂದಿಲ್ಲ. ಒಂದು ಹಿಡಿದಳೆಂದರೆ ಉಡದ ಪಟ್ಟು.

ಹುಟ್ಟಿದ್ದು ಕ್ಯಾಥೊಲಿಕರ ಮಾತೆ ಚರ್ಚಿನ ಮನೆಯಲ್ಲಿ, ಸೇರಿದ್ದು ಪ್ರೊಟೆಸ್ಟೆಂಟರ ಮಿಷನ್ ಚರ್ಚಿನ ಮನೆಯನ್ನು. ಮದುವೆಯಾದ ಮೇಲೂ ಅವಳು ತನ್ನ ಚರ್ಚು ಬಿಡಲಿಲ್ಲ, ಗಂಡ ಸುಂಕಪ್ಪ ತನ್ನದನ್ನು ಬಿಡಲಿಲ್ಲ. ಭಾನುವಾರ ಇಬ್ಬರೂ ಒಟ್ಟಿಗೆ ಹೊರಟು ಬಸ್ ಸ್ಟ್ಯಾಂಡಿನ ಹತ್ತಿರ ಬೇರೆಯಾಗುತ್ತಿದ್ದರು. ಬರುವಾಗ ಅಲ್ಲೇ ಕೂಡಿಕೊಂಡು ಮಟನ್ ತರುತ್ತಿದ್ದರು. ಯೇಸು ಕಲಿಸಿದ ಪ್ರಾರ್ಥನೆ ಒಂದೇ ಆದರೂ ಈ ಎರಡು ಚರ್ಚಿನವರು ಅದನ್ನು ಒಂದೇ ಥರ ಹೇಳುವುದಿಲ್ಲ. ಮಾತೆ ಚರ್ಚಿನವರು ದೇವರಿಗೆ ‘ನಿಮ್ಮ ನಾಮ’ ಅಂದರೆ ಮಿಷನ್ನಿನವರು ‘ನಿನ್ನ ನಾಮ’ ಅನ್ನುತ್ತಾರೆ. ಮಾತೆ ಚರ್ಚಿನವರು ಕೇಡಿನಿಂದ ಕಾಪಾಡಿ ಎನ್ನುವಲ್ಲಿಗೆ ಆಮೆನ್ ಹೇಳಿ ಮುಗಿಸುತ್ತಾರೆ. ಮಿಷನ್ನಿನವರು ಅದಾದ ಮೇಲೆ ರಾಜ್ಯವೂ ಬಲವೂ ಮಹಿಮೆಯೂ ಎಂದೆಂದಿಗೂ ನಿನ್ನವೇ ಎಂಬ ಇನ್ನೊಂದು ಸಾಲು ಹೇಳದೆ ಆಮೆನ್ ಅನ್ನುವವರಲ್ಲ. ಚರ್ಚಿನಲ್ಲಿ ತೆಲುಗಿನಲ್ಲಿ ಹೇಳಿದರೂ ಮನೆಯಲ್ಲಿ ಕನ್ನಡದಲ್ಲಿ ಹೇಳಿದರೂ ಈ ವ್ಯತ್ಯಾಸ ತಪ್ಪಿದ್ದಲ್ಲ.

ಅತ್ತೆ ಉಜ್ಜಿನಮ್ಮ ಇದನ್ನೇ ಹಿಡಿದುಕೊಂಡು ಸೊಸೆಯನ್ನು ಕಾಡಿಸುತ್ತಿದ್ದಳು. “ಅಪ್ಪಗ ಯಾರಾದ್ರೂ ನೀವು ಅಂತಾರೇನ? ದೇವ್ರೇನು ತಾಸಿಲ್ದಾರನಾ?”

“ನಿಮಗ ನಾ ನೀವು ಅಂತೀನಲ್ರಿ ಅತ್ತಿ, ದೇವ್ರಿಗೆ ಅನ್ನಬಾರದೇನು?” ಅನ್ನುತ್ತಿದ್ದಳು ದ್ಯಾಮಮ್ಮ.

ಊಟಕ್ಕೆ ಕೂತಾಗ ಅವಳು ಆಮೆನ್ ಅಂದು ಕೈಹಾಕುವ ಹೊತ್ತಿಗೆ ಅತ್ತೆಯ ಸಾಲು ಇನ್ನೂ ನಡೆಯುತ್ತಿರುತ್ತಿತ್ತು. ಅದು ಮುಗಿಯಲಿ ಎಂದು ಕಾಯುವುದು ಅವಳಿಗೆ ರೂಢಿಯಾಗಿ ಹೋಯಿತು.

ಹೋದ ವರ್ಷ ಸುಂಕಪ್ಪ ಎದೆನೋವು ಬಂದು ತೀರಿಕೊಂಡ. ಹೂಳುವಾಗ ಈ ಪ್ರಾರ್ಥನೆಗೆ ಆಮೆನ್ ಬಿದ್ದ ಕೂಡಲೇ ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕುವುದು ಎರಡೂ ಚರ್ಚಿನವರ ಪದ್ಧತಿ. ದ್ಯಾಮಮ್ಮನ ಅಣ್ಣ ರಾಯಪ್ಪ ಮತ್ತು ಅವನ ಕಡೆಯವರು ತಮ್ಮ ಆಮೆನ್ ಆದದ್ದೇ ತಡ, ಮಣ್ಣು ಹಾಕಿಯೇ ಬಿಟ್ಟರು. ಮಿಷನ್ನಿನ ಪಾಸ್ಟರು, ಅವರನ್ನು ಎಲ್ಲರೂ ಅಯ್ಯಗಾರು ಅನ್ನುತ್ತಾರೆ, ಇನ್ನೂ ಕೊನೆಯ ಸಾಲಿನಲ್ಲಿದ್ದರು. ಪೆಟ್ಟಿಗೆಯ ಮೇಲೆ ದಬದಬ ಮಣ್ಣು ಬಿದ್ದದ್ದಕ್ಕೆ ಅವರ ಪ್ರಾರ್ಥನೆ ಅರ್ಧಕ್ಕೇ ನಿಂತಿತು. ಸುಂಕಪ್ಪನ ತಮ್ಮ ಮರುಳಪ್ಪ ಕೆಂಡಾಮಂಡಲವಾದ.

“ನಮ್ಮಣ್ಣನ ಪ್ರಾರ್ಥನಿ ಮುಗಿಸಾಕೂ ಬಿಡಲಿಲ್ಲಲ್ರಿ! ಹೂಳಾಕ ಅಷ್ಟು ಅವಸರ ಯಾಕ?”

ರಾಯಪ್ಪ ಸುಮ್ಮನಿರಬಹುದಿತ್ತು. ಆದರೆ ಸುಮ್ಮನಿರುವುದು ಆ ಮನೆತನದ ರಕ್ತದಲ್ಲೇ ಇಲ್ಲ. “ಆಮೆನ್ ಆದ ಮ್ಯಾಲ ಎಂಥಾ ಪ್ರಾರ್ಥನಿ?” ಅಂದುಬಿಟ್ಟ. ಹೆಣದ ಮುಂದೆ ಕೈಕೈ ಮಿಲಾಯಿಸುವುದೊಂದು ಬಾಕಿ ಉಳಿಯಿತು.

ಅವತ್ತಿನಿಂದ ಮರುಳಪ್ಪ ಅತ್ತಿಗೆಯ ಹೊಸ್ತಿಲು ತುಳಿಯಲಿಲ್ಲ. ತಾಯಿಯನ್ನು ನೋಡಬೇಕೆನಿಸಿದರೆ ಬೀದಿಯಲ್ಲೇ ನಿಂತು ಕೂಗುತ್ತಿದ್ದ. ಕರೆದರೂ ತಾಯಿ ಅವನ ಮನೆಗೆ ಹೋಗದೆ ಸೊಸೆಯ ಹತ್ತಿರವೇ ಉಳಿದಳು. “ನಾ ಸತ್ತಾಗ ಎಲ್ಲಾರೂ ಇರಬೇಕು ನೋಡ. ಅರ್ಧ ಮಂದಿ ಸೇರಿ ಹೂಳಿದ್ರ ಎದ್ದು ಬರ್ತೀನಿ” ಅಂದಿದ್ದಳು ಮುದುಕಿ. ದ್ಯಾಮಮ್ಮ ಆಗಲಿ ಅಂತ ಮಾತು ಕೊಟ್ಟಿದ್ದಳು.

ಈ ಮಂಗಳವಾರ ಬೆಳಿಗ್ಗೆ ಗಂಜಿ ಕುಡಿದು ಮಲಗಿದ ಉಜ್ಜಿನಮ್ಮ ಮತ್ತೆ ಏಳಲಿಲ್ಲ. ದ್ಯಾಮಮ್ಮ ಗೋಳೋ ಎಂದು ಅತ್ತಳು. ಹೂಳುವುದು ಸಂಜೆ ನಾಲ್ಕಕ್ಕೆ ಎಂದು ನಿಗದಿಯಾಯಿತು. ಅಷ್ಟರಲ್ಲಿ ಮರುಳಪ್ಪನಿಂದ ಹೇಳಿಕೆ ಬಂತು: ರಾಯಪ್ಪನ ಕಡೆಯ ಒಬ್ಬ ಬಂದರೂ ತಾನು ಹೆಗಲು ಕೊಡುವುದಿಲ್ಲ. ದ್ಯಾಮಮ್ಮ ಕಣ್ಣೊರೆಸಿಕೊಂಡು, ಹೆಣದ ಹತ್ತಿರ ಹೆಂಗಸರನ್ನು ಕೂರಿಸಿ, ಚಪ್ಪಲಿ ಮೆಟ್ಟಿದಳು.

ಮೊದಲು ಹೋದದ್ದು ಅಣ್ಣನ ಮನೆಗೆ. “ಅಣ್ಣಾ, ನೀ ಬರಬೇಕು. ಬಂದು, ನಿನ್ನ ಆಮೆನ್ ಆದ ಮ್ಯಾಲೂ ಕೈ ಬಿಚ್ಚಬ್ಯಾಡ. ಅವರ ಸಾಲು ಮುಗಿಯೋ ತನಕ ಮಣ್ಣು ಮುಷ್ಟ್ಯಾಗ ಇರ್ಲಿ.”

“ನಮ್ಮದಲ್ಲದ ಸಾಲಿಗೆ ನಾವ್ಯಾಕ ಕಾಯಬೇಕು?”

“ನೀ ಹೇಳು ಅನ್ನಲಿಲ್ಲ, ಕಾಯಿ ಅಂದೆ. ಮೂವತ್ತೈದು ವರ್ಷ ನಿನ್ನ ತಂಗಿಗೆ ಬಿಸಿ ರೊಟ್ಟಿ ಹಾಕ್ಯಾಳ ಆಕಿ. ಇವತ್ತು ಆಕಿಗೋಸ್ಕರ ಕಾಯಿ. ನಾಳಿಗೆ ನನ್ನ ಕೂಡ ಎಷ್ಟಾದ್ರೂ ವಾದ ಮಾಡು.”

ರಾಯಪ್ಪ ಇನ್ನೂ ಗೊಣಗುತ್ತಿರುವಾಗಲೇ ಅವನ ಹೆಂಡತಿ ಒಳಗಿಂದ ಬಿಳಿ ಅಂಗಿ ತಂದು ಅವನ ಕೈಗಿಟ್ಟಳು.

ಅಲ್ಲಿಂದ ಮೈದುನನ ಮನೆಗೆ ಹೋದರೆ ಮರುಳಪ್ಪ ಒಳಗೆ ಬನ್ನಿ ಅನ್ನಲಿಲ್ಲ. ದ್ಯಾಮಮ್ಮ ಕಾಯಲೂ ಇಲ್ಲ, ಅಂಗಳದಲ್ಲೇ ನಿಂತು ಶುರುಮಾಡಿದಳು. “ನಮ್ಮಣ್ಣ ಬರ್ತಾನ. ಹೋದ ವರ್ಷ ತಪ್ಪು ಅವಂದು, ನಾನ ಒಪ್ಕೋತೀನಿ. ನಿಮ್ಮ ಸಾಲು ಮುಗಿಯೋ ತನಕ ಚಿಟಿಕಿ ಮಣ್ಣು ಬೀಳಂಗಿಲ್ಲ, ಅದಕ್ಕ ನಾ ಹೊಣಿ. ನೀ ಬರಲಿಲ್ಲಂದ್ರ ನಾ ಹೆಣ ಎತ್ತಗೊಡಂಗಿಲ್ಲ. ಇವತ್ತೂ ಇಲ್ಲ, ನಾಳಿಗೂ ಇಲ್ಲ.”

ಅವನು ಮುಖ ತಿರುಗಿಸಿ ಕೂತ. ಇವಳು ನಡುಹಗಲ ಬಿಸಿಲಲ್ಲಿ ಕದಲದೆ ನಿಂತಳು. ಹೋಗುವವರು ಬರುವವರು ನೋಡತೊಡಗಿದರು, ನೋಡಲಿ ಅಂದುಕೊಂಡಳು. ಅರ್ಧ ಗಂಟೆಯಾದ ಮೇಲೆ ಮರುಳಪ್ಪ ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡು, “ನಡೀರಿ ಅತ್ತಿಗಿ” ಅಂದ.

ಸಂಜೆ ಎಲ್ಲರೂ ಇದ್ದರು, ಗುಂಡಿಯ ಆ ಕಡೆ ಮರುಳಪ್ಪನವರು, ಈ ಕಡೆ ರಾಯಪ್ಪನವರು. ಪೆಟ್ಟಿಗೆ ಇಳಿಸಿದರು. ಪ್ರಾರ್ಥನೆ ಶುರುವಾಯಿತು; ‘ನಿಮ್ಮ’ವೂ ‘ನಿನ್ನ’ವೂ ಒಂದರ ಮೇಲೊಂದು ಹತ್ತಿಕೊಂಡು ಸಾಗಿದವು. ಕೇಡಿನ ಮಾತು ಬಂತು. ಆಮೆನ್ ಅಂದರು ರಾಯಪ್ಪನ ಕಡೆಯವರು. ಅದೇ ಕ್ಷಣಕ್ಕೆ ಮರುಳಪ್ಪನ ಕಡೆಯವರೂ ಆಮೆನ್ ಅಂದುಬಿಟ್ಟರು!

ಕೊನೆಯ ಸಾಲು ಬರಲೇ ಇಲ್ಲ. ಅತ್ತಿಗೆ ಬಿಸಿಲಲ್ಲಿ ನಿಂತದ್ದು ಮರುಳಪ್ಪನ ಮನಸ್ಸಿಗೆ ನಾಟಿ, ಇವತ್ತೊಂದು ದಿನ ರಾಯಪ್ಪನವರ ಜೊತೆಗೇ ಮುಗಿಸೋಣ ಎಂದು ಅವನು ಅಯ್ಯಗಾರನ್ನು ಗುಟ್ಟಾಗಿ ಒಪ್ಪಿಸಿದ್ದ. ಮಣ್ಣು ಬೀಳಲಿ ಎಂದು ಆ ಕಡೆಯವರು ಕಾಯುತ್ತಿದ್ದರು. ಸಾಲು ಬರಲಿ ಎಂದು ಈ ಕಡೆಯವರು ಮುಷ್ಟಿ ಬಿಗಿಹಿಡಿದು ನಿಂತಿದ್ದರು. ದ್ಯಾಮಮ್ಮ ಅವರ ಮುಖ ನೋಡಿದಳು, ಇವರ ಮುಖ ನೋಡಿದಳು, ವಿಷಯ ತಿಳಿಯಿತು. ಅವಳಿಗೆ ನಗುವೂ ಬಂತು, ಎಲ್ಲರ ಮೇಲೂ ಸಿಟ್ಟೂ ಬಂತು. ಇಷ್ಟು ಮರ್ಯಾದೆಯನ್ನು ಹೋದ ವರ್ಷ ಎಲ್ಲಿಟ್ಟಿದ್ದರು ಇವರು? ರೊಟ್ಟಿ ಆರಿಹೋದರೂ ಆ ಸಾಲು ಬಿಡದಿದ್ದ ಮುದುಕಿಯನ್ನು ಅದಿಲ್ಲದೆ ಹೂಳುವುದೇ?

ಐವತ್ತೆಂಟು ವರ್ಷದಲ್ಲಿ ಒಮ್ಮೆಯೂ ಬಾಯಿಂದ ಆಡದ ಸಾಲನ್ನು ಅವಳೇ ಎತ್ತಿದಳು. ತನ್ನ ಅಣ್ಣನ ಪಕ್ಕದಲ್ಲೇ ನಿಂತು, ಗಟ್ಟಿಯಾಗಿ, ಒಬ್ಬಳೇ. ರಾಜ್ಯವೂ ಅಂದಳು, ಬಲವೂ ಅಂದಳು. ಮಹಿಮೆ ಅನ್ನುವಷ್ಟರಲ್ಲಿ ಆ ಕಡೆಯಿಂದ ಮರುಳಪ್ಪ ಅದನ್ನು ಎತ್ತಿಕೊಂಡ, ಅವನ ಹಿಂದೆ ಅಯ್ಯಗಾರು, ಅವರ ಹಿಂದೆ ಉಳಿದವರು. ರಾಯಪ್ಪ ಹೇಳಲಿಲ್ಲ. ಆದರೆ ಕೊನೆಯ ಆಮೆನ್ ಆಗುವ ತನಕ ಅವನ ಮುಷ್ಟಿ ಸಡಿಲವಾಗಲಿಲ್ಲ.

ಮೊದಲ ಹಿಡಿ ಹಿರಿಯ ಮಗನದು. ಸುಂಕಪ್ಪನಿಲ್ಲದ ಮೇಲೆ ಅದು ಮರುಳಪ್ಪನಿಗೆ ಸೇರಬೇಕು. ಅವನು ಬಗ್ಗಿ ಮಣ್ಣು ತೆಗೆದುಕೊಂಡವನು ಗುಂಡಿಗೆ ಹಾಕಲಿಲ್ಲ. ಸುತ್ತುಹಾಕಿ ಈ ಕಡೆಗೆ ಬಂದು ದ್ಯಾಮಮ್ಮನ ಮುಂದೆ ಕೈ ಚಾಚಿದ.

“ಇದು ನಮ್ಮಣ್ಣಂದು. ನೀವು ಹಾಕ್ರಿ ಅತ್ತಿಗಿ.”